ತಲೆಬರಹ ಮೆಮೊರಾಂಡಂ, ಒಳಗೆ ವಿಭಾಗ ಪತ್ರ: ನಾನು ಕೆಡಿಸಿದ ಒಂದು ಪಾಲುಪಟ್ಟಿ

ಮೆಮೊ ಅಂದರೆ ಒಬ್ಬೊಬ್ಬರಿಗೆ ಒಂದೊಂದು. ಸರ್ಕಾರಿ ನೌಕರಿಯಲ್ಲಿರುವ ನಮ್ಮ ಭಾವನಿಗೆ ‘ಮೆಮೊ ಕೊಟ್ಟರು’ ಅಂದರೆ ಆ ದಿನ ಊಟ ಸೇರುವುದಿಲ್ಲ. ವಕೀಲರಾದ ನಮಗೆ ಅದು ದಿನಾ ಹಾಕುವ ಚೀಟಿ: ಕೇಸು ವಾಪಸ್ ತೆಗೆದುಕೊಳ್ಳಲು ಮೆಮೊ, ವಕಾಲತ್ತಿನಿಂದ ನಿವೃತ್ತಿಯಾಗಲು ಮೆಮೊ, ಅಮಲ್ಜಾರಿಯಲ್ಲಿ, ಅಂದರೆ ತೀರ್ಪು ಜಾರಿ ಮಾಡಿಸುವಾಗ, ಬಾಕಿ ಎಷ್ಟು ಅಂತ ತೋರಿಸಲು ಲೆಕ್ಕದ ಮೆಮೊ. ಕಂಪನಿ ಕಟ್ಟುವವರಿಗೆ ಮೆಮೊರಾಂಡಂ ಆಫ್ ಅಸೋಸಿಯೇಷನ್. ಈ ಪದದ ಅರ್ಥ ನನಗೆ ನಿಜವಾಗಿ ತಿಳಿದದ್ದು ಮಾತ್ರ ನಾನೇ ಬರೆದು ಕೆಡಿಸಿದ ಒಂದು ಪಾಲುಪಟ್ಟಿಯಿಂದ.

ಪ್ರಾಕ್ಟೀಸ್ ಶುರು ಮಾಡಿ ಎರಡು ವರ್ಷವಾಗಿತ್ತು. ಮೂವರು ಅಣ್ಣತಮ್ಮಂದಿರು ಬಂದರು. ಜಮೀನು ಬಾಯಿಮಾತಲ್ಲೇ ಹಂಚಿಕೊಂಡು, ಬದು ಹಾಕಿಕೊಂಡು, ಐದಾರು ವರ್ಷದಿಂದ ಬೇರೆ ಬೇರೆ ಉಳುಮೆ ಮಾಡುತ್ತಿದ್ದರು. ‘ಮುಂದೆ ಜಗಳ ಬೇಡ ಸಾರ್, ಒಂದು ಪೇಪರ್ ಮಾಡಿಕೊಡಿ, ರಿಜಿಸ್ಟರ್ ಎಲ್ಲ ಬೇಡ’ ಅಂದರು. ನಾನು ಸೀನಿಯರ್ ಆಫೀಸಿನಲ್ಲಿದ್ದ ಹಳೇ ವಿಭಾಗ ಪತ್ರದ (ಆಸ್ತಿಯನ್ನು ತಾನೇ ಹಂಚುವ ಪತ್ರ) ನಮೂನೆ ತೆಗೆದು, ಹೆಸರು, ಸರ್ವೆ ನಂಬರ್ ಬದಲಿಸಿ, ಮೇಲೆ ದಪ್ಪಕ್ಷರದಲ್ಲಿ ಮೆಮೊರಾಂಡಂ ಅಂತ ಹಾಕಿದೆ. ಒಳಗಿನದು ಹಾಗೇ ಉಳಿಯಿತು: ‘ಈ ದಿವಸ ನಾವು ಪಂಚರ ಸಮಕ್ಷಮ ಈ ಕೆಳಕಂಡಂತೆ ವಿಭಾಗ ಮಾಡಿಕೊಂಡಿದ್ದು, ಇಂದಿನಿಂದ ಅವರವರ ಪಾಲನ್ನು ಅವರವರೇ ಅನುಭವಿಸತಕ್ಕದ್ದು.’

‘ಈ ದಿವಸ’, ‘ಇಂದಿನಿಂದ’. ನನ್ನ ಮಾನ ಕಳೆದದ್ದು ಈ ಎರಡು ಮಾತು.

ಕೆಲವು ವರ್ಷದ ಮೇಲೆ ಆ ಮೂವರಲ್ಲಿ ಒಬ್ಬರ ಮಗ, ಪಾಲೇ ಆಗಿಲ್ಲ ಅಂತ ದಾವೆ ಹಾಕಿದ. ನಾನು ಪಾಲುಪಟ್ಟಿಯನ್ನು ಮಾರ್ಕ್ ಮಾಡಿಸಲು, ಅಂದರೆ ಕೋರ್ಟಿನ ಸಾಕ್ಷ್ಯಕ್ಕೆ ಸೇರಿಸಲು, ಹೋದೆ. ಎದುರಿನ ವಕೀಲರು ಎದ್ದು ನಿಂತು, ಈ ಎರಡು ಮಾತನ್ನು ಗಟ್ಟಿಯಾಗಿ ಓದಿ ಕುಳಿತರು, ಅಷ್ಟೇ. ಆ ಕಾಗದವೇ ಅವತ್ತು ಆಸ್ತಿ ಹಂಚುತ್ತಿದೆ ಅಂದಮೇಲೆ ಅದು ವಿಭಾಗ ಪತ್ರ, ಮೇಲೆ ಏನೇ ಬರೆದಿರಲಿ. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯಲ್ಲಿ ಹಕ್ಕು ಹುಟ್ಟಿಸುವ ಪತ್ರ 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ನೋಂದಣಿ ಆಗಲೇಬೇಕು. ಆಗದಿದ್ದರೆ ಪಾಲಾಗಿದೆ ಅನ್ನಲು ಅದು ಸಾಕ್ಷಿಯಾಗದು. ಅದಕ್ಕೂ ಮೊದಲು ಮುದ್ರಾಂಕ ಶುಲ್ಕದ ಪ್ರಶ್ನೆ ಬಂತು. ಕಡಿಮೆ ಬಿದ್ದದ್ದು, ಅದರ ಹತ್ತರಷ್ಟು ದಂಡ, ಎರಡೂ ಕಟ್ಟಿದ್ದಾಯಿತು. ಆಮೇಲೂ ಯಾರು ಎಲ್ಲಿ ಸ್ವಾಧೀನದಲ್ಲಿದ್ದಾರೆ ಅಂತ ತೋರಿಸುವ ಮಟ್ಟಿಗೆ ಮಾತ್ರ ಅದು ಉಪಯೋಗಕ್ಕೆ ಬಂತು. ಕೊನೆಗೆ ನಮ್ಮನ್ನು ಉಳಿಸಿದ್ದು ಬೇರೆ ಬೇರೆ ಪಹಣಿ, ಕಂದಾಯ ರಸೀದಿ, ಸೊಸೈಟಿ ಸಾಲದ ಕಾಗದ. ಹೊರಗೆ ಬಂದಾಗ ಹಿರಿಯಣ್ಣ ಮೆತ್ತಗೆ ಕೇಳಿದರು, ‘ಇದನ್ನ ಬರೆದಿದ್ದು ನೀವೇ ಅಲ್ವಾ ಸಾರ್?’

ಆಮೇಲೆ ಕೂತು ಓದಿದೆ. 1976ರ ಕಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಕುಟುಂಬದ ಹಂಚಿಕೆ ಬಾಯಿಮಾತಲ್ಲೂ ಆಗಬಹುದು, ಆಗಿಹೋದದ್ದನ್ನು ನೆನಪಿಗೆ ಬರೆದಿಟ್ಟ ಮೆಮೊರಾಂಡಂಗೆ ನೋಂದಣಿ ಬೇಡ. 2019ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ತುಲಸೀಧರ–ನಾರಾಯಣಪ್ಪ ಪ್ರಕರಣದಲ್ಲಿ 1971ರ ನೋಂದಣಿಯಾಗದ ಪಾಲುಪಟ್ಟಿಯನ್ನು ಪೂರಕ ಸಾಕ್ಷಿಯಾಗಿ ನೋಡಬಹುದು ಅಂದಿತು. ಬ್ಯಾಂಕಿನವರಿಗೆ ಈ ಗುಟ್ಟು ಮೊದಲಿಂದ ಗೊತ್ತು. ಮನೆಪತ್ರ ಅಡವಿಡುವಾಗ ಹಳೇ ಪದ್ಧತಿಯಲ್ಲಿ ಪತ್ರ ಒಪ್ಪಿಸುವುದು ಇವತ್ತು, ಮೆಮೊರಾಂಡಂ ನಾಳೆಯ ತಾರೀಖಿಗೆ: ‘ನಿನ್ನೆ ನಾನು ಬಂದು ಪತ್ರಗಳನ್ನು ಒಪ್ಪಿಸಿರುತ್ತೇನೆ.’ ಅಡಮಾನ ಆದದ್ದು ಪತ್ರ ಕೊಟ್ಟಾಗ, ಕಾಗದ ಬರೀ ಅದರ ನೆನಪು.

ಇದನ್ನು ಕೇಳಿದ ಕೂಡಲೇ ಕೆಲವರು, ‘ಹಂಗಾದ್ರೆ ಹಿಂದೆಯೇ ಪಾಲಾಗಿತ್ತು ಅಂತ ಬರೆದುಬಿಡಿ’ ಅನ್ನುತ್ತಾರೆ. ನಾನು ಬರೆಯುವುದಿಲ್ಲ. ಆಗದ್ದನ್ನು ಆಗಿದೆ ಅಂದರೆ ಅದು ಸುಳ್ಳು ದಾಖಲೆ. ಅದರಲ್ಲೂ ಹೆಣ್ಣುಮಕ್ಕಳ ಪಾಲು ತಪ್ಪಿಸಲು ಹೇಳುವ ಹಳೇ ಬಾಯಿಮಾತಿನ ಪಾಲಿನ ಕತೆಯನ್ನು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಕೋರ್ಟು ಸುಲಭಕ್ಕೆ ನಂಬುವುದಿಲ್ಲ, ಸರ್ಕಾರಿ ದಾಖಲೆ ತೋರಿಸು ಅನ್ನುತ್ತದೆ.

ವ್ಯಾಪಾರದ ಎಂಒಯು (ಮೆಮೊರಾಂಡಂ ಆಫ್ ಅಂಡರ್‌ಸ್ಟ್ಯಾಂಡಿಂಗ್) ಕತೆಯೂ ಇದೇ. ‘ಸುಮ್ನೆ ತಿಳುವಳಿಕೆ ಪತ್ರ’ ಅಂತ ಸಹಿ ಹಾಕಿದ ಗೆಳೆಯನ ಕಾಗದದಲ್ಲಿ ದರ, ಪ್ರಮಾಣ, ಗಡುವು, ಮುಂಗಡ ಎಲ್ಲ ಇತ್ತು. ಅದು ಕರಾರೇ. ಬರೀ ಮಾತುಕತೆ ಮಟ್ಟದಲ್ಲಿ ಇರಬೇಕು ಅಂದರೆ ‘ಇದು ಯಾರನ್ನೂ ಕಟ್ಟಿಹಾಕುವುದಿಲ್ಲ’ ಅಂತ ಒಂದು ಸಾಲು ಬಾಯಿಬಿಟ್ಟು ಬರೆಯಿರಿ.

ಆಮೇಲೆ ನಮ್ಮ ಮನೆಯದೇ ಬಂತು. ಅಪ್ಪ ತೀರಿಕೊಂಡ ಮುಂದಿನ ಯುಗಾದಿಗೆ, ವರ್ಷತೊಡಕಿನ ಊಟ ಮುಗಿಸಿ, ಅವ್ವ, ಅಣ್ಣ, ಅಕ್ಕ, ನಾನು ಜಗಲಿಯಲ್ಲಿ ಕೂತು ಹಂಚಿಕೊಂಡೆವು. ಸೋದರಮಾವಂದಿರು ಇಬ್ಬರು ಇದ್ದರು. ಮಳೆ ಬಿದ್ದಮೇಲೆ ಅವರವರ ತುಂಡು ಅವರವರು ಉತ್ತರು. ಎರಡು ತಿಂಗಳು ಬಿಟ್ಟು ನಾನು ಬರೆದೆ. ಪ್ರತಿ ಸಾಲೂ ಆಗಿಹೋದದ್ದರ ಮಾತು: ‘ಯುಗಾದಿ ಮಾರನೇ ದಿನ ಹಂಚಿಕೊಂಡಿದ್ದೆವು, ಅಂದಿನಿಂದ ಪ್ರತ್ಯೇಕವಾಗಿ ಅನುಭವಿಸುತ್ತಿದ್ದೇವೆ, ಅದರ ನೆನಪಿಗಾಗಿ ಇದನ್ನು ಬರೆದಿಟ್ಟಿದ್ದೇವೆ.’ ‘ಇಂದಿನಿಂದ’ ಎಲ್ಲೂ ನುಸುಳದಂತೆ ಮೂರು ಸಲ ಓದಿದೆ. ಅಕ್ಕನ ಸಹಿ ಎಲ್ಲ ಪುಟಕ್ಕೂ ಹಾಕಿಸಿದೆ, ಸಾಕ್ಷಿಗೆ ಜಗಲಿಯಲ್ಲಿ ಕೂತಿದ್ದ ಆ ಮಾವಂದಿರೇ. ಅಣ್ಣನಿಗೆ ತಾಳ್ಮೆ ಕಮ್ಮಿ, ‘ಎರಡು ಪುಟಕ್ಕೆ ಒಂದು ವಾರ ಬೇಕಾ?’ ಅಂದ.

ಇಷ್ಟಾದರೂ ಪಹಣಿಯಲ್ಲಿ ಹೆಸರು ಬೇರೆ ಬೇರೆ ಆಗಲು, ಸಾಲ ಎತ್ತಲು, ನೋಂದಾಯಿತ ವಿಭಾಗ ಪತ್ರ ಇದ್ದರೇ ಸಲೀಸು. ಆಸ್ತಿಯ ಪೂರ್ತಿ ಬೆಲೆ ಮೇಲಲ್ಲ, ಪಾಲಿಗೆ ಇಷ್ಟು ಅಂತ ಮುದ್ರಾಂಕ, ಹಾಗಾಗಿ ಖರ್ಚೂ ಜಾಸ್ತಿ ಅಲ್ಲ. ನಾವೂ 11ಇ ನಕ್ಷೆಗೆ (ಭಾಗವಾಗುವ ಜಮೀನಿನ ಸರ್ವೆ ನಕ್ಷೆ) ಅರ್ಜಿ ಹಾಕಿ, ಸರ್ವೆಯರ್ ಬಂದು ಅಳೆದು, ನೋಂದಣಿ ಮುಗಿಸಿದೆವು. ಆ ಪತ್ರದಲ್ಲಿ ಬಾವಿ ‘ಸಾಮಾನ್ಯ ಸ್ವತ್ತು’ ಅಷ್ಟೇ. ನೀರಿನ ಸರದಿ ಹಳೇ ಮೆಮೊರಾಂಡಂನ ಆರನೇ ಪ್ಯಾರಾದಲ್ಲೇ ಇದೆ. ಸೋಮವಾರ, ಮಂಗಳವಾರ ಅಣ್ಣ; ಬುಧವಾರ, ಗುರುವಾರ ಅಕ್ಕ; ಶುಕ್ರವಾರ, ಶನಿವಾರ ನಾನು. ಭಾನುವಾರ ಅವ್ವನ ಬಾಳೆಗಿಡಕ್ಕೆ.