ಒಬ್ಬರೇ ನಡೆಸುವ ಕಚೇರಿಗೆ ಮೇಲ್ ಮತ್ತು ಕ್ಯಾಲೆಂಡರ್: ನಾನು ಆಯ್ದುಕೊಂಡ ಬಗೆ

ಮೊದಲು ಕೊಂಡದ್ದು ಡೊಮೇನ್, ಅಂದರೆ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು. ಮೇಲ್ ಕಂಪನಿಯನ್ನು ಯಾವತ್ತು ಬೇಕಾದರೂ ಬಿಡಬಹುದು, ಆದರೆ ವಿಳಾಸವು ಬಿಲ್ಲು, ವಿಸಿಟಿಂಗ್ ಕಾರ್ಡು, ಜಿಎಸ್‌ಟಿ ನೋಂದಣಿ ಎಲ್ಲದರಲ್ಲೂ ಸೇರಿಕೊಂಡಿರುತ್ತದೆ. ಡೊಮೇನ್ ಮಾರಿದವರ ಬಳಿ ಇರುವ ಖಾತೆಗೆ ಮಾತ್ರ ಬೇರೆ ಜಿಮೇಲ್ ವಿಳಾಸ ಕೊಟ್ಟಿದ್ದೇನೆ. ಅಲ್ಲಿಗೂ ಅದೇ ಡೊಮೇನಿನ ವಿಳಾಸ ಕೊಟ್ಟರೆ, ಡೊಮೇನ್ ಅವಧಿ ಮುಗಿದ ದಿನ ಪಾಸ್‌ವರ್ಡ್ ಬದಲಿಸುವ ಮೇಲ್ ಕೂಡ ಬರುವುದಿಲ್ಲ.

ವೆಬ್‌ಸೈಟ್ ಹೋಸ್ಟಿಂಗ್ ಜೊತೆ ಬಿಟ್ಟಿ ಬರುವ ಮೇಲ್‌ಬಾಕ್ಸ್ ಬೇಡವೆಂದೆ. ಅಲ್ಲಿ ಸಾಮಾನ್ಯವಾಗಿ ಒಂದೇ ಐಪಿಯಿಂದ (ಸರ್ವರಿನ ಅಂತರ್ಜಾಲ ಸಂಖ್ಯೆಯಿಂದ) ಹತ್ತಾರು ಗಿರಾಕಿಗಳ ಮೇಲ್ ಹೋಗುತ್ತದೆ. ಒಬ್ಬ ಸ್ಪ್ಯಾಮ್ ಕಳಿಸಿದರೆ ಉಳಿದವರ ಬಿಲ್ಲುಗಳೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು.

ಉಳಿದ ಮೇಲ್ ಸೇವೆಗಳಲ್ಲಿ ಆಯ್ಕೆ ಮಾಡಿಸಿದ್ದು ಮೇಲ್ ಅಲ್ಲ, ಕ್ಯಾಲೆಂಡರ್. ಐಮ್ಯಾಪ್ (ಮೇಲನ್ನು ಬೇರೆ ತಂತ್ರಾಂಶದಿಂದಲೂ ತೆರೆಯಲು ಬಿಡುವ ಪದ್ಧತಿ) ಇದ್ದರೆ ಹಳೇ ಮೇಲ್ ಎಲ್ಲಿಂದ ಎಲ್ಲಿಗಾದರೂ ಸಾಗಿಸಬಹುದು. ಕ್ಯಾಲೆಂಡರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಜೋಹೋ ಮೇಲ್ ಸೇವೆಯ ಉಚಿತ ಯೋಜನೆಯಲ್ಲಿ ಐದು ಜನಕ್ಕೆ ತಲಾ 5 ಜಿಬಿ ಜಾಗವಿದೆ, ಆದರೆ ಐಮ್ಯಾಪ್ ಇಲ್ಲ. ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಬಳಸುವ ನನಗೆ ಅಲ್ಲಿಗೇ ಮಾತು ಮುಗಿಯಿತು. ಇನ್ನೊಂದು ಮೇಲ್ ಸೇವೆ ಪ್ರೋಟಾನ್‌ನಲ್ಲಿ ಐಮ್ಯಾಪ್ ಬೇಕೆಂದರೆ ಹಣ ಕೊಟ್ಟು 'ಬ್ರಿಡ್ಜ್' ಎಂಬ ತಂತ್ರಾಂಶ ಹಾಕಿಕೊಳ್ಳಬೇಕು. ಹಾಗಾಗಿ ಐಮ್ಯಾಪ್, ಕ್ಯಾಲ್‌ಡ್ಯಾವ್ (ಕ್ಯಾಲೆಂಡರಿಗೆ ಅಂಥದ್ದೇ ಪದ್ಧತಿ) ಎರಡೂ ಇರುವ ಹಣದ ಯೋಜನೆಗಳನ್ನಷ್ಟೇ ಪರೀಕ್ಷೆಗೆ ಇಟ್ಟುಕೊಂಡೆ.

ಪರೀಕ್ಷೆ ಇಷ್ಟೇ: ಫೋನಿನಲ್ಲಿ ಪ್ರತಿ ಮಂಗಳವಾರದ ಒಂದು ಸಭೆ ಹಾಕಿ, ಮೂರನೇ ವಾರದ್ದನ್ನು ಮಾತ್ರ ಬುಧವಾರಕ್ಕೆ ತಳ್ಳಿ, ಲ್ಯಾಪ್‌ಟಾಪಿನಲ್ಲಿ ನೋಡುವುದು. ಆಮೇಲೆ ಐಸಿಎಸ್ ಎಂಬ ಕ್ಯಾಲೆಂಡರ್ ಫೈಲಾಗಿ ಇಳಿಸಿ ಬೇರೆಡೆ ಏರಿಸುವುದು. ಆ ಬುಧವಾರ ಉಳಿದರೆ ಸೇವೆ ಪಾಸು. ಎರಡು ಕ್ಯಾಲೆಂಡರುಗಳನ್ನು ಐಸಿಎಸ್ ಲಿಂಕಿನಿಂದ ಜೋಡಿಸಿದರೆ ಸಾಕೆಂದು ಹೇಳುವವರಿದ್ದಾರೆ, ನಂಬಬೇಡಿ. ಗೂಗಲ್ ಕ್ಯಾಲೆಂಡರ್ ಅಂಥ ಲಿಂಕನ್ನು ಮತ್ತೆ ಓದಲು ಹಲವು ಗಂಟೆ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಅದೇ ಸಮಯವನ್ನು ಇನ್ನೊಬ್ಬರಿಗೆ ಕೊಟ್ಟಾಗಿರುತ್ತದೆ.

ಮೇಲ್‌ಬಾಕ್ಸ್ ಒಂದೇ ಕೊಂಡೆ. ಬಿಲ್ಲಿಗೆ, ವಿಚಾರಣೆಗೆ ಬೇರೆ ವಿಳಾಸ ಬೇಕಾದರೆ ಏಲಿಯಾಸ್ (ಅದೇ ಪೆಟ್ಟಿಗೆಗೆ ಬರುವ ಇನ್ನೊಂದು ವಿಳಾಸ) ಸಾಕು. ಪ್ರತಿ ವಿಳಾಸಕ್ಕೂ ಒಬ್ಬ ಬಳಕೆದಾರನ ದುಡ್ಡು ಕಟ್ಟುವವರನ್ನು ನೋಡಿದ್ದೇನೆ. ಜಿಎಸ್‌ಟಿ ನೋಂದಣಿ ಇದ್ದವರು ದುಡ್ಡು ಕಟ್ಟುವ ಮೊದಲೇ ಆ ಸಂಖ್ಯೆ ತುಂಬಬೇಕು. ಬಿಲ್ಲಿನಲ್ಲಿ ಅದಿಲ್ಲದಿದ್ದರೆ 18% ತೆರಿಗೆಯ ಇನ್‌ಪುಟ್ ಕ್ರೆಡಿಟ್ (ಅದನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳುವ ಸೌಲಭ್ಯ) ಕೈತಪ್ಪುತ್ತದೆ.

ಹೊಸ ಸೇವೆಗೆ ಬದಲಾಯಿಸುವ ಹಿಂದಿನ ದಿನ, ಡೊಮೇನಿನ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯ ಟಿಟಿಎಲ್ ಅನ್ನು (ಬೇರೆ ಸರ್ವರುಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು) 3600ರಿಂದ 300 ಸೆಕೆಂಡಿಗೆ ಇಳಿಸಿದೆ, ಬದಲಾವಣೆ ಬೇಗ ಹರಡಲೆಂದು. ಹಳೇ ಪೆಟ್ಟಿಗೆಯನ್ನು ಒಂದು ತಿಂಗಳು ತೆರೆದಿಟ್ಟಿದ್ದೆ. ನಮ್ಮ ಹೆಸರಿನಲ್ಲಿ ಯಾರು ಮೇಲ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆ ಡೊಮೇನಿಗೆ ಒಂದೇ ಇರಬೇಕು. ಬಿಲ್ಲಿಂಗ್ ತಂತ್ರಾಂಶದವರು ತಮ್ಮದನ್ನು ಸೇರಿಸಿ ಎಂದಾಗ ಎರಡನೇ ಸಾಲು ಹಾಕಿದರೆ ಎರಡೂ ಕೆಡುತ್ತವೆ. ಇದ್ದ ಸಾಲಿನೊಳಗೇ ಸೇರಿಸಬೇಕು. ಅದು ಮಾಡಿಸುವ ಡಿಎನ್‌ಎಸ್ (ಡೊಮೇನ್ ದಾಖಲೆಗಳ ವ್ಯವಸ್ಥೆ) ಹುಡುಕಾಟ ಹತ್ತು ದಾಟಬಾರದು.

ನನ್ನ ಅರ್ಧ ದಿನ ತಿಂದದ್ದು ಡಿಕಿಮ್, ಅಂದರೆ ಹೋಗುವ ಮೇಲಿಗೆ ಹಾಕುವ ಡಿಜಿಟಲ್ ಸಹಿ. 2048 ಬಿಟ್ ಕೀಲಿಯ ಪಠ್ಯ 255 ಅಕ್ಷರ ಮೀರುತ್ತದೆ, ಅದನ್ನು ಡೊಮೇನಿನಲ್ಲಿ ಬರೆದಿಡುವ ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿನಲ್ಲಿ ಅಷ್ಟು ಹಿಡಿಯುವುದಿಲ್ಲ. ದಾಖಲೆ ತುಂಬಲು ನಾನು ಬಳಸುತ್ತಿದ್ದ ಪ್ಯಾನೆಲ್ ಕೀಲಿಯ ತುದಿಯನ್ನು ಸದ್ದಿಲ್ಲದೆ ಕತ್ತರಿಸಿ 'ಸೇವ್ ಆಯಿತು' ಎಂದಿತು. ಕೀಲಿಯನ್ನು ಎರಡು ಉದ್ಧರಣ ಚಿಹ್ನೆಗಳ ಜೋಡಿಯಲ್ಲಿ ಇಬ್ಭಾಗ ಮಾಡಿ ಹಾಕಿದಾಗ ಸರಿಹೋಯಿತು. ಜಿಮೇಲಿಗೆ ಒಂದು ಮೇಲ್ ಕಳಿಸಿ 'ಶೋ ಒರಿಜಿನಲ್' ಒತ್ತಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೊದಲೆರಡರ ಮೇಲೆ ನಿಂತ ಇನ್ನೊಂದು ತಪಾಸಣೆ) ಮೂರರ ಮುಂದೆಯೂ 'ಪಾಸ್' ಕಾಣಬೇಕು.

ಕ್ಯಾಲೆಂಡರಿನಲ್ಲಿ ಮೊದಲು ಕೂರಿಸಿದ್ದು ತೆರಿಗೆಯ ತಾರೀಕುಗಳು: ಪ್ರತಿ ತಿಂಗಳ 11 ಮತ್ತು 20ರ ಜಿಎಸ್‌ಟಿ, ಏಪ್ರಿಲ್ 30ರ ವೃತ್ತಿ ತೆರಿಗೆ. ಒಂದೊಂದಕ್ಕೂ ನಾಲ್ಕು ದಿನ ಮೊದಲು ನೆನಪೋಲೆ. ಲಂಡನ್ ಗಿರಾಕಿಯ ವಾರದ ಕರೆಯನ್ನು ಮಾತ್ರ ನಮ್ಮ ಸಮಯದಲ್ಲಿ ಹಾಕದೆ, ಲಂಡನ್ ಸಮಯವಲಯ ಆರಿಸಿ ಮಧ್ಯಾಹ್ನ 2 ಎಂದು ಹಾಕಿದ್ದೇನೆ. ಅಲ್ಲಿ ಗಡಿಯಾರ ತಿರುಗಿಸಿದಾಗ ಇಲ್ಲಿ ಅದು ಸಂಜೆ 7.30ರಿಂದ 6.30ಕ್ಕೆ ತಾನೇ ಸರಿಯುತ್ತದೆ.