ಮೊಲೆಂ ಕಡೆಯ ತೋಟದಲ್ಲಿ ನಾನು ದೈತ್ಯ ಜೇಡ ನೋಡುವ ರೀತಿ

ಗೋವಾದಲ್ಲಿ ಟರಾಂಟುಲಾ, ಅಂದರೆ ಮೈತುಂಬ ಕೂದಲಿರುವ ದೈತ್ಯ ಜೇಡ, ಇದೆ ಅಂದರೆ ಮಡಗಾಂವ್‌ನ ನನ್ನ ಕನ್ನಡದ ಗೆಳೆಯರೇ ನಂಬುವುದಿಲ್ಲ. ಅದು ಅಮೆಜಾನ್ ಕಾಡಿನದು ಅಲ್ವಾ ಅಂತ ಕೇಳುತ್ತಾರೆ. ಪಶ್ಚಿಮ ಘಟ್ಟದಲ್ಲಿ ನಮ್ಮವೇ ಹಲವು ಜಾತಿಗಳಿವೆ. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ 1899ರಲ್ಲೇ ಥ್ರಿಗ್ಮೊಪೀಯಸ್ ಟ್ರುಕುಲೆಂಟಸ್, ಕೈಲೊಬ್ರಾಕಿಸ್ ಫಿಂಬ್ರಿಯೇಟಸ್ ಅಂತೆಲ್ಲ ನಾಲಿಗೆ ಹೊರಳದ ಹೆಸರಿಟ್ಟು ಹೋಗಿದ್ದಾರೆ.

ಗೋವಾದ ಮೊಲೆಂ ಅಭಯಾರಣ್ಯದೊಳಗೆ ರಾತ್ರಿ ಬಿಡುವುದಿಲ್ಲ. ಹಾಗಾಗಿ ಮೊಲೆಂ ಕಡೆ ಪರಿಚಯದವರೊಬ್ಬರ ಕುಳಾಗರದ (ಅಡಿಕೆ ತೋಟದ) ಅಂಚಿನಲ್ಲಿ, ದಾರಿಗೆಂದು ಕಡಿದ ಕೆಂಪು ಮಣ್ಣಿನ ದರೆಯಲ್ಲಿ ಹುಡುಕುತ್ತೇನೆ. ಹಣೆಗೆ ಟಾರ್ಚ್ ಕಟ್ಟಿಕೊಂಡರೆ ನೆಲದ ತುಂಬ ಹಸಿರು ಚುಕ್ಕಿಗಳು ಮಿನುಗುತ್ತವೆ. ಅವು ತೋಳ ಜೇಡಗಳ ಕಣ್ಣು. ಹೊಸಬರು ಅವುಗಳ ಹಿಂದೆಯೇ ಬೀಳುತ್ತಾರೆ. ಟರಾಂಟುಲಾ ಬೇಕಾದರೆ ಬಿಲ ಹುಡುಕಬೇಕು. ಬಿಲದ ಬಾಯಂಚಿನಲ್ಲಿ ಒಳಗಿನಿಂದ ಬಂದ ಬಿಳಿ ನೂಲು ಹರಡಿದ್ದರೆ ಒಳಗೆ ಜೇಡ ಇದೆ ಅಂತ ಲೆಕ್ಕ.

ಇಲ್ಲಿಂದ ಮುಂದಿನ ಕೆಲಸವೆಲ್ಲ ನಮ್ಮ ಪಾದದ್ದು. ಟರಾಂಟುಲಾಗೆ ಎಂಟು ಕಣ್ಣಿದ್ದರೂ ದೃಷ್ಟಿ ಕಮ್ಮಿ. ಕಾಲಿನ ಕೂದಲುಗಳಿಗೆ ನೆಲದ ಅದುರು ತಟ್ಟಿದರೆ ಸಾಕು, ಯಾರೋ ಬಂದರು ಅಂತ ಗೊತ್ತಾಗುತ್ತದೆ. ಚಪ್ಪಲಿ ಟಪಟಪ ಅಂದರೆ ಆ ರಾತ್ರಿ ಮುಗೀತು. ನಾನು ರಬ್ಬರ್ ಬೂಟು ಹಾಕಿ (ಹಾವಿಗೂ ಅದೇ ಒಳ್ಳೆಯದು) ಮೆಲ್ಲಗೆ ಹೋಗಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಸುಮ್ನೆ ಕೂರುತ್ತೇನೆ. ಆಮೇಲೆ ಎರಡು ಕಾಲಿನ ತುದಿಗಳು ಹೊರಗೆ ಬಂದು ನೂಲಿನ ಮೇಲೆ ಕೂರುತ್ತವೆ. ಅಷ್ಟೇ. ಮೈಯೆಲ್ಲ ಒಳಗೇ ಇರುತ್ತದೆ. ಒಂದು ಮಿಡತೆ ನೂಲು ತುಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಿಡತೆಯೂ ಇಲ್ಲ, ಜೇಡವೂ ಇಲ್ಲ.

ತೋಟ ನೋಡಿಕೊಳ್ಳುವ ಹಾವೇರಿಯ ಹುಡುಗ ಒಮ್ಮೆ ಜೊತೆಗೆ ಬಂದಿದ್ದ. “ಇದೇನ್ರೀ ಸರ, ಜ್ಯಾಡನೋ ಏಡಿನೋ?” ಅಂತ ಉದ್ದನೆಯ ಕಡ್ಡಿ ಚಾಚಿಯೇಬಿಟ್ಟ. ಜೇಡ ಹಾರಲಿಲ್ಲ, ಅಟ್ಟಿಸಿಕೊಂಡೂ ಬರಲಿಲ್ಲ. ಮುಂಗಾಲುಗಳನ್ನು ಮೇಲಕ್ಕೆತ್ತಿ, ಮೈ ಹಿಂದಕ್ಕೆ ವಾಲಿಸಿ, ಎರಡು ಕಪ್ಪು ಕೋರೆಗಳನ್ನು ಪೂರ್ತಿ ತೆರೆದು ತೋರಿಸಿತು. ಕಡ್ಡಿ ಇನ್ನೂ ಹತ್ತಿರ ಬಂದಾಗ ಟಕ್ಕನೆ ಬಡಿಯಿತು. ಕಡ್ಡಿ ಹಿಂದೆ ಸರಿದ ಕೂಡಲೇ ಬಿಲ ಸೇರಿತು. ಹುಡುಗ ನನ್ನ ಬೆನ್ನ ಹಿಂದೆ ಸೇರಿದ್ದ.

ದಕ್ಷಿಣ ಅಮೆರಿಕದ ಗೋಲಿಯಾತ್ ಎಂಬ ಟರಾಂಟುಲಾದ ಕಾಲಿನ ಹರವು ಸುಮಾರು 28 ಸೆಂ.ಮೀ. ಅದಕ್ಕೆ ಇನ್ನೊಂದು ಆಯುಧ ಇದೆ. ಹಿಂಗಾಲಿನಿಂದ ಹೊಟ್ಟೆ ಉಜ್ಜಿ, ಕಣ್ಣು ಮೂಗಿಗೆ ಉರಿ ತರುವ ಸಣ್ಣ ಕೂದಲು ಉದುರಿಸುತ್ತದೆ. ನಮ್ಮ ಕಡೆಯವಕ್ಕೆ ಆ ಕೂದಲಿಲ್ಲ. ಓಡಬೇಕು, ಇಲ್ಲವೇ ಕೋರೆ ತೋರಿಸಬೇಕು. ಅದಕ್ಕೇ ಇವಕ್ಕೆ ಸಿಟ್ಟು ಜಾಸ್ತಿ ಅನ್ನುವುದು ನನ್ನ ಅಂದಾಜು. ಕೈಲೊಬ್ರಾಕಿಸ್ ಬಾಯಿಯ ಪಕ್ಕದ ಗಡಸು ಕೂದಲುಗಳನ್ನು ಉಜ್ಜಿ ಬುಸ್ ಅಂತ ಸದ್ದನ್ನೂ ಮಾಡುತ್ತದೆ. ಕಚ್ಚಿದರೆ ನೋವು, ಊತ. ಮರದ ಪೊಟರೆಯಲ್ಲಿರುವ ಪೀಸಿಲೋಥೀರಿಯಾ ಎಂಬ ಟರಾಂಟುಲಾ ಕಚ್ಚಿದರೆ ಮಾಂಸಖಂಡ ಸೆಳೆತ ಹಿಡಿದು ದಿನಗಟ್ಟಲೆ ಕಾಡುತ್ತದೆ. ಹಾಗಾಗಿ ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುವವರನ್ನು ನಾನು ಜೊತೆಗೆ ಕರೆದೊಯ್ಯುವುದಿಲ್ಲ.

ಇಷ್ಟೆಲ್ಲ ಇದ್ದರೂ ಜೇಡ ಹಿಡಿಯುವ ಕಣಜಗಳ ಮುಂದೆ ಎಷ್ಟೋ ಸಲ ಏನೂ ನಡೆಯುವುದಿಲ್ಲ. ಕಣಜ ಕುಟುಕಿ, ಅಲುಗಾಡದಂತೆ ಮಾಡಿ, ಜೇಡದ ಮೇಲೆ ಮೊಟ್ಟೆ ಇಡುತ್ತದೆ. ಮರಿ ಅದನ್ನು ಜೀವಂತವಾಗಿಯೇ ತಿನ್ನುತ್ತದೆ.

ರಾತ್ರಿ ಬೇಡ ಅನ್ನುವವರು ಮಳೆ ಹೋದ ಮೇಲೆ ಹಗಲಲ್ಲೇ ನೆಫಿಲಾ ಪಿಲಿಪೆಸ್ ಎಂಬ ಬಲೆ ನೇಯುವ ದೊಡ್ಡ ಜೇಡ ನೋಡಬಹುದು. ಎರಡು ಮರಗಳ ನಡುವೆ ಹೊಂಬಣ್ಣದ ದೊಡ್ಡ ಬಲೆ, ಮಧ್ಯದಲ್ಲಿ ಅಂಗೈಯಗಲದ ಹೆಣ್ಣು. ಅದೇ ಬಲೆಯ ಮೇಲ್ಗಡೆ ಇರುವೆಯಷ್ಟು ಚಿಕ್ಕದು ಕಂಡರೆ ಮರಿ ಅಂದುಕೊಳ್ಳಬೇಡಿ, ಅದು ಗಂಡು. ಹತ್ತಿರ ಹೋದರೆ ಹೆಣ್ಣು ಬಲೆಯನ್ನೇ ಜೋರಾಗಿ ಅಲುಗಿಸುತ್ತದೆ. ಆಗ ಎರಡು ಹೆಜ್ಜೆ ಹಿಂದೆ ಸರಿಯಿರಿ. ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳಿ, ಬಲೆ ಹರಿಯುವುದು ಹೆಚ್ಚಾಗಿ ಅದರಿಂದಲೇ.