ಎರಡು ಎದುರಾಳಿ ಯೂನಿವರ್ಸಿಟಿಗಳಲ್ಲಿ ಸೀಟು ಸಿಕ್ಕಾಗ ನಾನು ಹೋಲಿಸಿದ ರೀತಿ

ನನಗೆ ಭೌತಶಾಸ್ತ್ರ ಓದುವ ಆಸೆ ಇತ್ತು. ಸೀಟು ಸಿಕ್ಕಿದ್ದು ಎರಡು ಯೂನಿವರ್ಸಿಟಿಗಳಲ್ಲಿ. ಎರಡೂ ಮೊದಲಿನಿಂದ ಒಂದಕ್ಕೊಂದು ಸಡ್ಡು ಹೊಡೆದುಕೊಂಡೇ ಬಂದಂಥವು. ಇಲ್ಲಿ ಓದಿದವರ ಮುಂದೆ ಅದರ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ, ಅಲ್ಲಿ ಓದಿದವರು ಇದರ ಹೆಸರಿಗೆ. ಸಲಹೆಗೇನೂ ಬರ ಇರಲಿಲ್ಲ. ಆದರೆ ಯಾಕೆ ಅಂತ ಕೇಳಿದರೆ ಎಲ್ಲರೂ ಹೆಸರಿನ ಸುತ್ತಲೇ ಮಾತಾಡುತ್ತಿದ್ದರು. ಪಾಠದ ವಿಷಯ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಪೈಪೋಟಿ ಹುಟ್ಟುವುದೇ ಸರಿಸಮರ ನಡುವೆ, ಅಲ್ವಾ? ಹಾಗಾಗಿ ಎದುರಾಳಿಗಳನ್ನು ಹೆಸರಿನಿಂದ ಅಳೆದರೆ ಏನೂ ಸಿಗುವುದಿಲ್ಲ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ನೋಡಿ. 1209ರಲ್ಲಿ ಆಕ್ಸ್‌ಫರ್ಡ್ ಬಿಟ್ಟು ಬಂದ ಪಂಡಿತರಿಂದಲೇ ಕೇಂಬ್ರಿಡ್ಜ್ ಶುರುವಾಯಿತು. 1829ರಲ್ಲಿ ಆರಂಭವಾದ ದೋಣಿ ಪಂದ್ಯ ಇವತ್ತಿಗೂ ನಡೆಯುತ್ತಿದೆ. ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡುವ ಪದ್ಧತಿ ಎರಡೂ ಕಡೆ ಇದೆ. ಆದರೆ ಭೌತಶಾಸ್ತ್ರ ಓದುವವರಿಗೆ ದೊಡ್ಡ ವ್ಯತ್ಯಾಸ ಬೇರೆಡೆ ಇದೆ. ಆಕ್ಸ್‌ಫರ್ಡ್‌ನಲ್ಲಿ ಮೊದಲ ವರ್ಷದಿಂದಲೇ ಭೌತಶಾಸ್ತ್ರದ ಕೋರ್ಸ್. ಕೇಂಬ್ರಿಡ್ಜ್‌ನಲ್ಲಿ ನ್ಯಾಚುರಲ್ ಸೈನ್ಸಸ್ ಅಂತ ಸೇರಿ, ಮೊದಲು ಹಲವು ವಿಜ್ಞಾನಗಳನ್ನು ಓದಿ, ಆಮೇಲೆ ಒಂದರ ಕಡೆ ವಾಲಬೇಕು. ಪದವಿಗೆ ಒಂದೇ ವರ್ಷ ಎರಡಕ್ಕೂ ಅರ್ಜಿ ಹಾಕಲು ಸಾಮಾನ್ಯವಾಗಿ ಅವಕಾಶವೂ ಇಲ್ಲ. ಅಲ್ಲಿಗೆ ಹೋಗಬಯಸುವವರು ಅರ್ಜಿಗೆ ಮೊದಲೇ ಇದನ್ನು ನೋಡಿಕೊಳ್ಳಬೇಕು.

ನಾನು ನನಗೆ ಹಾಕಿಕೊಂಡ ಪ್ರಶ್ನೆ ಒಂದೇ. ಎರಡನೇ ವರ್ಷದ ಒಂದು ಮಾಮೂಲಿ ವಾರ ಇಲ್ಲಿ ಹೇಗಿರುತ್ತದೆ, ಅಲ್ಲಿ ಹೇಗಿರುತ್ತದೆ? ನನಗೆ ಸೀಟು ಸಿಕ್ಕಿದ ಎರಡೂ ಕಡೆ ಮೊದಲ ವರ್ಷ ಹೆಚ್ಚುಕಡಿಮೆ ಒಂದೇ ಥರ. ಎರಡನೇ ವರ್ಷದಲ್ಲಿ ಆ ವಿಭಾಗದ ಸ್ವಭಾವ ಗೊತ್ತಾಗುತ್ತದೆ. ಅದಕ್ಕೆ ಎರಡೂ ಕಡೆಯ ಸಿಲಬಸ್, ಟೈಮ್‌ಟೇಬಲ್, ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಿಸಿಕೊಂಡೆ.

ಸಿಲಬಸ್ ಅಕ್ಕಪಕ್ಕ ಇಟ್ಟರೆ ಅವಳಿಜವಳಿ ಅನ್ನಿಸುತ್ತಿತ್ತು. ವಿಷಯಗಳು ಅವೇ, ಪುಸ್ತಕಗಳೂ ಅವೇ. ಪ್ರಶ್ನೆಪತ್ರಿಕೆ ಬಿಡಿಸಿದಾಗ ಕಥೆ ಬೇರೆಯಾಯಿತು. ಒಂದು ಕಡೆ ವಿದ್ಯುತ್ಕಾಂತತೆಯ ಪತ್ರಿಕೆಯಲ್ಲಿ ವರ್ಷ ವರ್ಷವೂ ‘ಈ ಸೂತ್ರವನ್ನು ನಿರೂಪಿಸಿ’ ಅಂತ ಅದೇ ಸೂತ್ರ. ಬಾಯಿಪಾಠ ಮಾಡಿದರೆ ಸಾಕು, ಅಂಕ ಬರುತ್ತದೆ. ಇನ್ನೊಂದು ಕಡೆ ಸೂತ್ರವನ್ನು ಪ್ರಶ್ನೆಯಲ್ಲೇ ಕೊಟ್ಟಿದ್ದರು. ಪುಸ್ತಕದಲ್ಲಿಲ್ಲದ ಒಂದು ಸನ್ನಿವೇಶ ಹೇಳಿ, ಇಲ್ಲಿ ಏನಾಗುತ್ತದೆ, ಯಾಕೆ ಅಂತ ಕೇಳಿದ್ದರು. ಲ್ಯಾಬ್ ವಿಷಯದಲ್ಲೂ ಹೀಗೆಯೇ. ಒಂದು ಕಡೆ ಮ್ಯಾನ್ಯುಯಲ್ ನೋಡಿ ರೀಡಿಂಗ್ ಬರೆದುಕೊಂಡರೆ ಮುಗಿಯಿತು. ಇನ್ನೊಂದು ಕಡೆ ವರ್ಷದ ಕೊನೆಗೆ ಒಂದು ಪ್ರಯೋಗವನ್ನು ತಾವೇ ಯೋಚಿಸಿ ಕಟ್ಟಬೇಕು. ಯಾರ ಮನೆಯ ಗೋಡೆಯ ಮೇಲೆ ಯಾವ ಪದವಿ ಪತ್ರ ತೂಗಿದೆ ಅನ್ನುವುದಕ್ಕಿಂತ ಇದು ನನಗೆ ಎಷ್ಟೋ ಜಾಸ್ತಿ ಮುಖ್ಯ.

ಪ್ರಚಾರದ ಅಂಕಿಗಳಲ್ಲಿ ನಾನು ಹೆಚ್ಚು ಹೊತ್ತು ಕೂತಿದ್ದು ತರಗತಿಯ ಗಾತ್ರದ ಮೇಲೆ. ಒಂದು ಲೆಕ್ಕ ಹೇಳುತ್ತೇನೆ. ಹತ್ತು ತರಗತಿಗಳಿವೆ ಅಂದುಕೊಳ್ಳಿ. ಒಂಬತ್ತರಲ್ಲಿ ತಲಾ 10 ಜನ, ಒಂದರಲ್ಲಿ 110 ಜನ. ಸರಾಸರಿ ತೆಗೆದರೆ ತರಗತಿಗೆ 20 ಜನ. ‘ನಮ್ಮ ಶೇ. 90ರಷ್ಟು ತರಗತಿಗಳಲ್ಲಿ 20ಕ್ಕಿಂತ ಕಡಿಮೆ ವಿದ್ಯಾರ್ಥಿಗಳು’ ಅಂತ ಬರೆದುಕೊಂಡರೂ ಸುಳ್ಳಲ್ಲ. ಆದರೆ ಒಟ್ಟು 200 ಕುರ್ಚಿಗಳಲ್ಲಿ 110 ಆ ಒಂದೇ ಹಾಲ್‌ನಲ್ಲಿವೆ. ಅಂದರೆ ಅರ್ಧಕ್ಕಿಂತ ಜಾಸ್ತಿ ಕುರ್ಚಿಗಳಿಂದ ಕಾಣುವುದು ತುಂಬಿದ ಹಾಲ್! ಅದಕ್ಕೇ ನಾನು ಸರಾಸರಿ ಕೇಳಲಿಲ್ಲ. ನನ್ನ ಕೋರ್ಸಿನ ಕಡ್ಡಾಯ ವಿಷಯಗಳ ಹೆಸರು ಹೇಳಿ, ಇದರಲ್ಲಿ ಎಷ್ಟು ಜನ, ಅದರಲ್ಲಿ ಎಷ್ಟು ಜನ ಅಂತ ಒಂದೊಂದಾಗಿ ಕೇಳಿದೆ.

ಈ ಲೆಕ್ಕದಲ್ಲಿ ದೊಡ್ಡ ದೊಡ್ಡವರೇ ಸಿಕ್ಕಿಬಿದ್ದದ್ದುಂಟು. 2022ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯ ಗಣಿತ ಪ್ರಾಧ್ಯಾಪಕ ಮೈಕಲ್ ಥ್ಯಾಡಿಯಸ್, ತಮ್ಮದೇ ಸಂಸ್ಥೆ ರ್‍ಯಾಂಕಿಂಗ್‌ಗಾಗಿ ಕೊಟ್ಟ ಅಂಕಿಗಳನ್ನು ಪ್ರಶ್ನಿಸಿದರು. ತರಗತಿ ಗಾತ್ರವೂ ಅದರಲ್ಲಿತ್ತು. ಕೆಲವು ಅಂಕಿ ಸರಿಯಿರಲಿಲ್ಲ ಅಂತ ಯೂನಿವರ್ಸಿಟಿ ಒಪ್ಪಿಕೊಂಡಿತು. ಅಮೆರಿಕದ ಯೂನಿವರ್ಸಿಟಿಗಳಿಗೆ ಸ್ಥಾನ ಕೊಡುವ ಯು.ಎಸ್. ನ್ಯೂಸ್ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿದ್ದದ್ದು 18ಕ್ಕೆ ಇಳಿಯಿತು. ಅಲ್ಲಿ ಓದುತ್ತಿದ್ದ ಹುಡುಗರಿಗೆ ಪಾಠ ಮಾಡುವವರು ಅವರೇ, ಲೈಬ್ರರಿ ಅದೇ. ಜಗತ್ತಿನ ಯೂನಿವರ್ಸಿಟಿಗಳಿಗೆ ಸ್ಥಾನ ಕೊಡುವ ಕ್ಯೂಎಸ್ ಪಟ್ಟಿಯಲ್ಲಂತೂ ಈಗ ಶೇ. 30 ಅಂಕ ಬೋಧಕರ ಸಮೀಕ್ಷೆಗೆ, ಶೇ. 15 ಉದ್ಯೋಗದಾತರ ಸಮೀಕ್ಷೆಗೆ. ಎರಡರಲ್ಲೂ ಕೇಳುವುದು ಯಾವ ಯೂನಿವರ್ಸಿಟಿ ಒಳ್ಳೆಯದು ಅನ್ನುವ ಅಭಿಪ್ರಾಯ. ಅಂದರೆ ಹತ್ತಿರ ಹತ್ತಿರ ಅರ್ಧ ಅಂಕ ಹೆಸರಿಗೇ ಹೋಯಿತು. ಎದುರಾಳಿಗಳಿಬ್ಬರ ನಡುವೆ ನಾಲ್ಕೈದು ಸ್ಥಾನದ ವ್ಯತ್ಯಾಸ ಇದ್ದರೆ ನಾನು ಅದಕ್ಕೆ ಬೆಲೆ ಕೊಡುವುದಿಲ್ಲ.

ಪ್ಲೇಸ್‌ಮೆಂಟ್ ಬಗ್ಗೆ ಎರಡೇ ಮಾತು. ಸರಾಸರಿ ಸಂಬಳ ಹೇಳಿದರೆ ನಡುವಿನ ಸಂಬಳ ಎಷ್ಟು ಅಂತ ಕೇಳಿ, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಜಾಸ್ತಿ ಸಿಕ್ಕಿದ ಮೊತ್ತ. ಇಷ್ಟು ಶೇಕಡಾ ಜನರಿಗೆ ಕೆಲಸ ಸಿಕ್ಕಿತು ಅಂದರೆ, ಅದು ಕೋರ್ಸ್ ಸೇರಿದವರಲ್ಲೋ, ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟವರಲ್ಲೋ ಅಂತ ಕೇಳಿ. ಖರ್ಚಿನ ವಿಷಯದಲ್ಲೂ ಅಷ್ಟೇ. ಸ್ಕಾಲರ್‌ಶಿಪ್ ಮೊದಲ ವರ್ಷಕ್ಕೆ ಮಾತ್ರವೋ, ಕೊನೆಯವರೆಗೋ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಕಾಗದದಲ್ಲಿ ಸಿಗದ್ದು ಓದುತ್ತಿರುವವರ ಬಾಯಲ್ಲಿ ಸಿಗುತ್ತದೆ. ಕ್ಯಾಂಪಸ್ ತೋರಿಸಲು ನೇಮಿಸಿದವರನ್ನು ಬಿಟ್ಟು, ಲ್ಯಾಬಿನಿಂದ ಹೊರಬರುತ್ತಿದ್ದವರನ್ನು ಮಾತಾಡಿಸಿದೆ. ‘ಚೆನ್ನಾಗಿದೆಯಾ’ ಅಂದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅದಕ್ಕೆ ‘ಕಳೆದ ವಾರ ಪಾಠ ಅರ್ಥ ಆಗದಿದ್ದಾಗ ಯಾರ ಹತ್ತಿರ ಹೋದಿರಿ’ ಅಂತ ಕೇಳುತ್ತಿದ್ದೆ. ಒಂದು ಕಡೆ ತಕ್ಷಣ ಮೇಷ್ಟ್ರ ಹೆಸರು ಬರುತ್ತಿತ್ತು. ಇನ್ನೊಂದು ಕಡೆ ‘ಸೀನಿಯರ್ ನೋಟ್ಸ್ ಇದೆಯಲ್ಲ’ ಅನ್ನುತ್ತಿದ್ದರು. ನಾನು ಖಗೋಳವಿಜ್ಞಾನದ ಐಚ್ಛಿಕ ವಿಷಯ ನೋಡಿ ಹಿಗ್ಗಿದಾಗ ಮೂರನೇ ವರ್ಷದ ಒಬ್ಬರು ಅಕ್ಕ ಹೇಳಿದರು: ‘ಪಟ್ಟಿಯಲ್ಲಿ ಇರೋದೆಲ್ಲ ನಡೆಯಲ್ಲ. ಕಳೆದೆರಡು ವರ್ಷ ಯಾವುದು ನಡೀತು ಅಂತ ಆಫೀಸಲ್ಲಿ ಕೇಳು.’ ಕೇಳಿದೆ. ಅಲ್ಲಿ ಆ ವಿಷಯ ನಡೆದೇ ಇರಲಿಲ್ಲ. ಇನ್ನೊಂದರ ಪಟ್ಟಿ ಚಿಕ್ಕದು, ಆದರೆ ಅದರಲ್ಲಿದ್ದದ್ದೆಲ್ಲ ನಡೆಯುತ್ತಿತ್ತು.

ನಾನು ಸೇರಿದ್ದು ಆ ಚಿಕ್ಕ ಪಟ್ಟಿಯ ಕಡೆಗೆ. ಸೂತ್ರ ಕೊಟ್ಟು ಯೋಚಿಸಲು ಹಚ್ಚುವ ಪ್ರಶ್ನೆಪತ್ರಿಕೆಯೂ ಅವರದೇ. ಹಣ ಕಟ್ಟುವ ಮೊದಲು ಇನ್ನೊಂದು ನಿಯಮ ನೋಡಿಕೊಂಡೆ: ಭೌತಶಾಸ್ತ್ರ ಒಗ್ಗದಿದ್ದರೆ ಗಣಿತಕ್ಕೆ ಬದಲಾಯಿಸಬಹುದಾ, ಯಾವಾಗಿನ ತನಕ, ಎಷ್ಟು ಅಂಕ ಬೇಕು. ಮೊದಲ ವರ್ಷದ ಕೊನೆಯವರೆಗೆ ಅವಕಾಶ ಇತ್ತು. ಆ ಪುಟದ ಒಂದು ಪ್ರತಿ ಇಟ್ಟುಕೊಂಡು, ಮರುದಿನ ಇನ್ನೊಂದು ಕಡೆಗೆ ಬರುವುದಿಲ್ಲ ಅಂತ ಪತ್ರ ಬರೆದೆ. ಆ ಸೀಟಿಗೆ ಕಾಯುತ್ತಿರುವವರು ಇರುತ್ತಾರೆ.